ಕೊರೆಯದೇ ದಾಟಿದ ಗಾಜು

ಹೊಸ ಕಾರಿನ ನೆತ್ತಿಯ ಮೇಲೆ ಡ್ರಿಲ್ ಇಟ್ಟು ಗುಂಡಿ ಒತ್ತಲು ಗಟ್ಟಿ ಗುಂಡಿಗೆ ಬೇಕಿತ್ತು. 1970ರ ದಶಕದ ಅಮೆರಿಕದಲ್ಲಿ ಎಷ್ಟೋ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಆ ಗಳಿಗೆಯನ್ನು ಇವತ್ತು ನಾಳೆ ಎಂದು ಮುಂದಕ್ಕೆ ಹಾಕುತ್ತಲೇ ಇದ್ದರು. ಎರಡು ಮೀಟರ್ ಬ್ಯಾಂಡಿನ ಪುಟ್ಟ ಸೆಟ್ಟುಗಳು ಆಗ ಬಂದಿದ್ದವು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಊಟದ ಡಬ್ಬಿಯಷ್ಟೇ ಜಾಗ ಹಿಡಿಯುತ್ತಿದ್ದವು. ಗುಡ್ಡಗಳ ಮೇಲೆ, ಎತ್ತರದ ಕಟ್ಟಡಗಳ ನೆತ್ತಿಯಲ್ಲಿ ಹವ್ಯಾಸಿಗಳೇ ಕೈಯಿಂದ ಖರ್ಚು ಮಾಡಿ, ದನಿ ಹಿಡಿದು ಮುಂದಕ್ಕೆ ಸಾಗಿಸುವ ರಿಪೀಟರ್‌ಗಳನ್ನು ನಿಲ್ಲಿಸಿದ್ದರು. ಕಾರಿನಲ್ಲಿ ಕೂತು ಮೈಕ್ ಹಿಡಿದರೆ ಜಿಲ್ಲೆಯಾಚೆಗಿನ ಗೆಳೆಯ ಉತ್ತರಿಸುತ್ತಿದ್ದ. ಉಳಿದಿದ್ದು ಒಂದೇ ತೊಡಕು. ಮಾತು ಕಾರಿನಿಂದ ಹೊರಗೆ ಹೋಗಬೇಕಿತ್ತು, ಕಾರು ಮಾತ್ರ ಕಬ್ಬಿಣದ ಪೆಟ್ಟಿಗೆ.

ಬಲ್ಲವರ ಸಲಹೆ ಒಂದೇ ಆಗಿತ್ತು. ಚಾವಣಿಯ ನಟ್ಟನಡುವೆ ಹತ್ತೊಂಬತ್ತು ಮಿಲಿಮೀಟರ್ ತೂತು, ಅಂದರೆ ನಮ್ಮ ಹಳೆಯ ನಾಲ್ಕಾಣೆ ನಾಣ್ಯದಷ್ಟು ಅಗಲ. ಅಲ್ಲಿ ಅರ್ಧ ಮೀಟರಿನ ಕಡ್ಡಿ ನಿಲ್ಲಿಸಿದರೆ ಸುತ್ತಲಿನ ಲೋಹದ ಹಾಳೆಯೇ ಅದಕ್ಕೆ ಕನ್ನಡಿಯಾಗಿ, ಅಲೆ ನಾಲ್ಕು ದಿಕ್ಕಿಗೂ ಸಮನಾಗಿ ಹರಡುತ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ತೂತು ಮತ್ತೆ ಮುಚ್ಚುವಂಥದ್ದಲ್ಲ. ಮಳೆನೀರು ಇಳಿಯುತ್ತದೆ, ತುಕ್ಕು ಹಿಡಿಯುತ್ತದೆ, ಮಾರುವಾಗ ಬೆಲೆ ಬೀಳುತ್ತದೆ, ಕಂಪನಿ ಕೊಟ್ಟ ಕಾರಾದರೆ ನೌಕರಿಗೇ ಸಂಚಕಾರ. ತೂತಿಗೆ ಹೆದರಿದವರು ಅಯಸ್ಕಾಂತದ ಬುಡವನ್ನು ಚಾವಣಿಗೆ ಕಚ್ಚಿಸಿದರು. ಅದರಡಿ ಮರಳು ಸಿಕ್ಕಿ ಬಣ್ಣ ಗೀಚಿತು, ಬಾಗಿಲಿನ ರಬ್ಬರಿಗೆ ಸಿಕ್ಕಿದ ಕೇಬಲ್ ಜಜ್ಜಿಹೋಯಿತು. ಡಿಕ್ಕಿಯ ಅಂಚಿಗೆ ಹಿಡಿಕೆ ಹಾಕಿದವರ ಅಲೆ ಒಂದು ದಿಕ್ಕಿಗೆ ಜೋರಾಗಿ, ಇನ್ನೊಂದು ದಿಕ್ಕಿಗೆ ಮಂಕಾಗಿ ಹೋಯಿತು. ಡ್ರಿಲ್ ಮತ್ತೆ ಶೆಡ್ಡಿನ ಮೂಲೆ ಸೇರಿತು.

ಈ ಜಗಳ ಹ್ಯಾಮ್‌ಗಳಿಗಿಂತ ಹಳೆಯದು. 1921ರಲ್ಲಿ ಡೆಟ್ರಾಯಿಟ್ ಪೊಲೀಸರು ಗಸ್ತು ಕಾರಿನಲ್ಲಿ ರೇಡಿಯೊ ಕೂರಿಸುವ ಹಠಕ್ಕೆ ಬಿದ್ದರು. ಮೋಟಾರು ಕಾರಿನ ಊರು ಅದು. ಕಳ್ಳರ ಕೈಗೆ ವೇಗದ ಕಾರು ಬಂದಿತ್ತು, ಪೊಲೀಸರು ಇನ್ನೂ ಬೀದಿಬದಿಯ ಟೆಲಿಫೋನ್ ಪೆಟ್ಟಿಗೆಗೆ ಓಡುತ್ತಿದ್ದರು. ಪೊಲೀಸ್ ಅಧಿಕಾರಿ ವಿಲಿಯಂ ರಟ್ಲೆಜ್ ರೇಡಿಯೊ ಬೇಕೇಬೇಕು ಎಂದ. ಸರ್ಕಾರ 1922ರಲ್ಲಿ ಲೈಸೆನ್ಸ್ ಕೊಟ್ಟಿತು, ಜೊತೆಗೆ ಒಂದು ವಿಚಿತ್ರ ಷರತ್ತನ್ನೂ ಹಾಕಿತು. ಕೇಂದ್ರ ಮನರಂಜನೆಯನ್ನು ಬಿತ್ತರಿಸಬೇಕು, ನಡುನಡುವೆ ಬೇಕಾದರೆ ಪೊಲೀಸ್ ಸಂದೇಶ ಸೇರಿಸಿಕೊಳ್ಳಬಹುದು. ಕಳ್ಳನ ಹಿಂದೆ ಕಾರು ಓಡಿಸುವ ಮುಂಚೆ ಪಿಟೀಲು ನುಡಿಸಬೇಕೇ ಎಂದು ರಟ್ಲೆಜ್ ಸಿಡಿಮಿಡಿಗೊಂಡ.

ಪಿಟೀಲಿಗಿಂತ ದೊಡ್ಡ ಶತ್ರು ರಸ್ತೆಯೇ ಆಗಿತ್ತು. ಫೋರ್ಡ್ ಮಾಡೆಲ್ ಟಿ ಕಾರುಗಳ ಕುಲುಕಾಟಕ್ಕೆ ರಿಸೀವರಿನ ನಿರ್ವಾತ ಕೊಳವೆಗಳು ಒಂದೊಂದಾಗಿ ಸತ್ತವು. ಒಂದು ಬೀದಿಯಲ್ಲಿ ಕೇಳಿದ ದನಿ ಮುಂದಿನ ತಿರುವಿನಲ್ಲಿ ಕಟ್ಟಡಗಳ ಮರೆಗೆ ಸರಿದು ಅಳಿದುಹೋಯಿತು. ವರ್ಷಗಳು ಉರುಳಿದವು, ಹಣ ಸುರಿಯಿತು, ಫಲ ಕಾಣಲಿಲ್ಲ. ಕೊನೆಗೆ ಕೆನೆತ್ ಕಾಕ್ಸ್ ಎಂಬ ಪೇದೆ ಮತ್ತು ರಾಬರ್ಟ್ ಬ್ಯಾಟ್ಸ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಸೇರಿ ಕುಲುಕಾಟಕ್ಕೆ ಜಗ್ಗದ ರಿಸೀವರ್ ಕಟ್ಟಿದರು. ನದಿಯ ನಡುವಿನ ಬೆಲ್ ಐಲ್ ದ್ವೀಪದಿಂದ 1928ರ ಏಪ್ರಿಲ್ 7ರಂದು ಪ್ರಸಾರ ಶುರುವಾಯಿತು. ಏಳು ವರ್ಷದ ಗುದ್ದಾಟಕ್ಕೆ ಸಿಕ್ಕಿದ್ದು ಅರ್ಧ ಗೆಲುವು. ಕಾರು ಕೇಳುತ್ತಿತ್ತು, ಮಾತಾಡುತ್ತಿರಲಿಲ್ಲ. ಉತ್ತರ ಕೊಡಲು ಪೇದೆ ಮತ್ತೆ ಟೆಲಿಫೋನಿಗೇ ಓಡಬೇಕಿತ್ತು. ಕಾರು ಬಾಯಿ ಬಿಡಲು ಇನ್ನೂ ಐದು ವರ್ಷ ಬೇಕಾಯಿತು. 1933ರಲ್ಲಿ ನ್ಯೂಜೆರ್ಸಿಯ ಬೇಯೋನ್ ಪೊಲೀಸರು ಎರಡೂ ದಿಕ್ಕಿನ ಮಾತನ್ನು ಸಾಧಿಸಿದರು.

ಅಷ್ಟರಲ್ಲಿ ರೇಡಿಯೊ ಜನಸಾಮಾನ್ಯರ ಕಾರನ್ನೂ ಹತ್ತಿತ್ತು. ಷಿಕಾಗೋದ ಪಾಲ್ ಗ್ಯಾಲ್ವಿನ್ 1930ರ ಜೂನ್‌ನಲ್ಲಿ ತನ್ನ ಸ್ಟೂಡಿಬೇಕರ್ ಕಾರಿಗೆ ರೇಡಿಯೊ ಕಟ್ಟಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೊ ತಯಾರಕರ ಸಮ್ಮೇಳನಕ್ಕೆ ಹೋದ. ಮಳಿಗೆ ಹಿಡಿಯಲು ದುಡ್ಡಿರಲಿಲ್ಲ. ಕಾರನ್ನು ಹೊರಗೇ ನಿಲ್ಲಿಸಿ, ದನಿ ಏರಿಸಿ, ದಾರಿಹೋಕರನ್ನು ಕರೆಕರೆದು ಕೇಳಿಸಿದ. ಆ ರೇಡಿಯೊಗೆ ಇಟ್ಟ ಮೊಟೊರೋಲಾ ಎಂಬ ಹೆಸರು ಮುಂದೆ ಅವನ ಕಂಪನಿಗೇ ನಿಂತಿತು.

ಆ ಕಾಲದ ಕಾರುಗಳಲ್ಲಿ ಆಂಟೆನಾ ಎಲ್ಲಿತ್ತು ಎಂಬುದೇ ಒಂದು ಸೊಗಸು. ಚಾವಣಿಯ ನಡುಭಾಗ ಆಗಿನ್ನೂ ಬಟ್ಟೆಯದು. ಮರದ ಚೌಕಟ್ಟಿನ ಮೇಲೆ ಕೋಳಿಗೂಡಿನ ಜಾಲರಿ ಬಿಗಿದು, ಅದರ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಆ ಜಾಲರಿಗೆ ಒಂದು ತಂತಿ ಬೆಸೆದರೆ ಆಂಟೆನಾ ಮುಗಿಯಿತು. ಯಾರ ಕಣ್ಣಿಗೂ ಬೀಳದು, ಯಾವ ತೂತೂ ಬೇಡ. ಆದರೆ 1935ರ ಮಾಡೆಲ್‌ಗಳಲ್ಲಿ ಜನರಲ್ ಮೋಟಾರ್ಸ್ ಇಡೀ ಚಾವಣಿಯನ್ನೇ ಒಂದೇ ಉಕ್ಕಿನ ಹಾಳೆಯಿಂದ ಒತ್ತಿ ತೆಗೆಯಿತು. ಕಾರು ಗಟ್ಟಿಯಾಯಿತು, ಮಳೆ ಸೋರುವುದು ನಿಂತಿತು, ಮತ್ತು ರೇಡಿಯೊದ ಕಿವಿ ಮುಚ್ಚಿತು. ಆಂಟೆನಾ ಕಾಲಿಡುವ ಪಟ್ಟಿಯ ಕೆಳಗೆ ಇಳಿದು ಕೆಸರು ತಿಂದಿತು. ಕೆಲವೇ ವರ್ಷದಲ್ಲಿ ಅಲ್ಲಿಂದಲೂ ಎದ್ದು, ಬಾನೆಟ್ಟಿನ ಪಕ್ಕದಲ್ಲಿ ತೂತು ಕೊರೆಸಿಕೊಂಡು ಕಡ್ಡಿಯಾಗಿ ನಿಂತಿತು. ಕಾರಿನ ಲೋಹ ಮತ್ತು ರೇಡಿಯೊದ ಅಲೆಯ ನಡುವಿನ ವೈಷಮ್ಯ ಅಂದಿನಿಂದ ಖಾಯಂ ಆಯಿತು.

ಇಡೀ ಕಾರಿನಲ್ಲಿ ಲೋಹವಲ್ಲದ ದೊಡ್ಡ ಭಾಗವೆಂದರೆ ಗಾಜೊಂದೇ. ಅದು ಎಲ್ಲರ ಕಣ್ಣೆದುರೇ ಇತ್ತು. 1969ರ ಪಾಂಟಿಯಾಕ್ ಗ್ರ್ಯಾಂಡ್ ಪ್ರಿ ಕಾರಿನ ಮುಂಗಾಜಿನೊಳಗೆ ಕೂದಲೆಳೆಯಂಥ ತಂತಿಗಳನ್ನು ಹುದುಗಿಸಿ ರೇಡಿಯೊಗೆ ಜೋಡಿಸಿದರು. ಹಾಡು ಕೇಳಲು ಅದು ಹೇಗೋ ಸಾಕಾಯಿತು, ಹತ್ತಾರು ವಾಟ್ ಶಕ್ತಿಯನ್ನು ಆಕಾಶಕ್ಕೆ ಎಸೆಯುವುದು ಬೇರೆಯೇ ಮಾತು. ಕೇಳುವ ಆಂಟೆನಾ ಸ್ವಲ್ಪ ಸೋಮಾರಿಯಾಗಿದ್ದರೆ ದನಿ ಏರಿಸಿಕೊಳ್ಳಬಹುದು. ಹೇಳುವ ಆಂಟೆನಾ ಸೋಮಾರಿಯಾದರೆ ಶಕ್ತಿ ತಿರುಗಿ ಬಂದು ಸೆಟ್ಟನ್ನೇ ಸುಡುತ್ತಿತ್ತು.

ಆ ಹೊತ್ತಿಗೆ ಅಮೆರಿಕದ ಹೆದ್ದಾರಿಯಲ್ಲಿ ಒಂದು ಹುಚ್ಚು ಹಬ್ಬಿತು. 1973ರ ತೈಲ ಬಿಕ್ಕಟ್ಟು ಬಂತು, ಅದರ ಹಿಂದೆಯೇ ಗಂಟೆಗೆ 55 ಮೈಲಿಯ ವೇಗಮಿತಿ ಬಂತು. ಎಲ್ಲಿ ಡೀಸೆಲ್ ಸಿಗುತ್ತದೆ, ಎಲ್ಲಿ ಪೊಲೀಸರು ಅಡಗಿದ್ದಾರೆ ಎಂದು ಟ್ರಕ್ಕಿನವರು ಸಿಟಿಜನ್ಸ್ ಬ್ಯಾಂಡ್ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿದರು. ಅವರನ್ನು ನೋಡಿ ಸಂಸಾರಸ್ಥರೂ ಕಾರಿಗೆ ಸೆಟ್ಟು ಹಾಕಿಸಿಕೊಂಡರು. 23 ಇದ್ದ ಚಾನೆಲ್ಲುಗಳನ್ನು 1977ರ ಆರಂಭದಲ್ಲಿ 40ಕ್ಕೆ ಏರಿಸಬೇಕಾಯಿತು. ಹ್ಯಾಮ್ ಆದವನಿಗೆ ತನ್ನ ಸೆಟ್ಟನ್ನು ಬಿಚ್ಚಿ ಜೋಡಿಸುವುದೇ ಸಂತೋಷ. ಈ ಹೊಸ ಗಿರಾಕಿಗೆ ಆ ಪುರುಸೊತ್ತಿರಲಿಲ್ಲ. ಅಂಗಡಿಯಿಂದ ತಂದ ವಸ್ತು ಸಂಜೆಯೊಳಗೆ ಕಾರಿಗೆ ಹತ್ತಬೇಕು, ಕಾರಿಗೆ ಗಾಯ ಆಗಬಾರದು. ಲಕ್ಷಗಟ್ಟಲೆ ಗಿರಾಕಿಗಳ ಈ ಹಿಂಜರಿಕೆಯಲ್ಲಿ ಆಂಟೆನಾ ತಯಾರಕರಿಗೆ ಹಣ ಕಂಡಿತು.

ಷಿಕಾಗೋದ ಹೊರವಲಯದಲ್ಲಿ ಅವಾಂಟಿ ಎಂಬ ಆಂಟೆನಾ ಕಂಪನಿಯಿತ್ತು. ಅಲ್ಲಿನ ಡೇಲ್ ಪಾರ್ಫಿಟ್ ಹೆಸರಿನಲ್ಲಿ 1980ರ ಡಿಸೆಂಬರ್‌ನಲ್ಲಿ ಒಂದು ಪೇಟೆಂಟ್ ಹೊರಬಿತ್ತು. ಮುಂಗಾಜಿನ ಮೇಲೆ ಕೂರುವ ಅರ್ಧತರಂಗ ಸಂವಹನ ಆಂಟೆನಾ ಎಂಬುದು ಅದರ ವಿಷಯ. ಗಾಜಿನ ಹೊರಮೈಗೆ ಅಂಟಿದ ಪುಟ್ಟ ಪಾದ, ಅದರ ಮೇಲೊಂದು ಕಡ್ಡಿ. ಒಳಮೈಗೆ, ಸರಿಯಾಗಿ ಆ ಪಾದದ ಬೆನ್ನಿಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಡಬ್ಬಿಯಿಂದ ಸೆಟ್ಟಿಗೆ ಕೇಬಲ್. ಡಬ್ಬಿಗೂ ಕಡ್ಡಿಗೂ ನಡುವೆ ತಂತಿಯ ಎಳೆಯೂ ಇಲ್ಲ. ನಡುವೆ ಇದ್ದದ್ದು ಗಟ್ಟಿ ಗಾಜು, ವಿದ್ಯುತ್ತನ್ನು ತಡೆಯಲೆಂದೇ ಕಂಬಗಳ ಮೇಲೆ ಕೂರಿಸುವ ಪದಾರ್ಥ. ಆದರೂ ಮಾತು ಆಚೆ ಹೋಗುತ್ತಿತ್ತು.

ಮೊದಲ ಸಲ ಕಂಡವರಿಗೆ ಇದು ಕಣ್ಕಟ್ಟಿನಂತೆ ತೋರಿತು. ಆದರೆ ಆ ಕಣ್ಕಟ್ಟಿನ ಬೀಜ ಬಿದ್ದಿದ್ದು ಷಿಕಾಗೋದಲ್ಲಿ ಅಲ್ಲ, ಕಾರು, ರೇಡಿಯೊ ಎರಡೂ ಹುಟ್ಟದ ಕಾಲದಲ್ಲಿ, ಒಬ್ಬ ವಕೀಲನ ಅಂಗೈಯಲ್ಲಿ.

ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಪೀಟರ್ ಫಾನ್ ಮುಸ್ಶೆನ್‌ಬ್ರೂಕ್ ಎಂಬ ಪ್ರಾಧ್ಯಾಪಕನಿದ್ದ. ವಿದ್ಯುತ್ತನ್ನು ನೀರಿನಲ್ಲಿ ಹಿಡಿದಿಡಬಹುದೇ ಎಂಬುದು ಅವನ ತಲೆಯೊಳಗಿನ ಹುಳ. ರೇಷ್ಮೆ ದಾರಗಳಲ್ಲಿ ಕೋವಿಯ ನಳಿಗೆಯೊಂದನ್ನು ತೂಗುಹಾಕಿದ್ದ. ಗಾಜಿನ ಗೋಳವನ್ನು ತಿರುಗಿಸಿ ಉಜ್ಜಿದರೆ ಹುಟ್ಟುವ ವಿದ್ಯುತ್ತು ನಳಿಗೆಗೆ ಹತ್ತುತ್ತಿತ್ತು, ನಳಿಗೆಯಿಂದ ಹಿತ್ತಾಳೆಯ ತಂತಿ ಇಳಿದು ಸೀಸೆಯ ನೀರಿನಲ್ಲಿ ಮುಳುಗುತ್ತಿತ್ತು. ಸೀಸೆಯನ್ನು ನೆಲಕ್ಕೆ ಸೋಂಕದಂತೆ ಪೀಠದ ಮೇಲೆ ಇಡುವುದು ಕ್ರಮ, ಇಲ್ಲವಾದರೆ ವಿದ್ಯುತ್ತು ಸೋರಿಹೋಗುತ್ತದೆ ಎಂಬುದು ಎಲ್ಲರ ನಂಬಿಕೆ. ಪ್ರಯೋಗಶಾಲೆಗೆ ಆಗಾಗ ಬರುತ್ತಿದ್ದ ಆಂಡ್ರಿಯಾಸ್ ಕ್ಯುನೇಯಸ್ ಎಂಬ ವಕೀಲನಿಗೆ ಆ ಕ್ರಮ ತಿಳಿದಿರಲಿಲ್ಲ. ಅವನು ಸೀಸೆಯನ್ನು ಕೈಯಲ್ಲೇ ಹಿಡಿದುಕೊಂಡ. ಇನ್ನೊಂದು ಕೈಯಿಂದ ಮೇಲಿನ ಲೋಹವನ್ನು ಮುಟ್ಟಿದ. ತೋಳು, ಎದೆ, ಇಡೀ ಮೈ ಒದ್ದಂತೆ ಝಾಡಿಸಿತು.

ಮುಸ್ಶೆನ್‌ಬ್ರೂಕ್ ನಂಬಲಿಲ್ಲ, ತಾನೇ ಹಿಡಿದು ನೋಡಿದ. 1746ರ ಜನವರಿಯಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ರೆಯೋಮುರ್‌ಗೆ ಬರೆದ ಪತ್ರದಲ್ಲಿ, ಇಡೀ ಫ್ರಾನ್ಸ್ ರಾಜ್ಯ ಕೊಟ್ಟರೂ ಇನ್ನೊಮ್ಮೆ ಹಿಡಿಯೆ ಎಂದು ತಿಳಿಸಿದ. ಎಲ್ಲ ಗಾಜಿನಲ್ಲೂ ಇದು ಆಗುವುದಿಲ್ಲ, ಜರ್ಮನ್ ಗಾಜೇ ಬೇಕು ಎಂಬ ಮಾತನ್ನೂ ಅದೇ ಪತ್ರದಲ್ಲಿ ಸೇರಿಸಿದ.

ಇಲ್ಲೊಂದು ನೋವಿನ ಉಪಕತೆಯಿದೆ. ಲೈಡನ್ನಿಗಿಂತ ಕೆಲವೇ ತಿಂಗಳು ಮೊದಲು, 1745ರ ಅಕ್ಟೋಬರ್‌ನಲ್ಲಿ, ಬಾಲ್ಟಿಕ್ ತೀರದ ಕಾಮಿನ್ ಪಟ್ಟಣದ ಚರ್ಚಿನ ಅಧಿಕಾರಿ ಎವಾಲ್ಡ್ ಫಾನ್ ಕ್ಲೈಸ್ಟ್ ಔಷಧಿ ಸೀಸೆಯೊಳಗೆ ಮೊಳೆ ಇಳಿಸಿ ಇದೇ ಪೆಟ್ಟು ತಿಂದಿದ್ದ. ಕಂಡದ್ದನ್ನು ಕಂಡಂತೆ ಬರೆದು ಪಂಡಿತರಿಗೆ ಕಳಿಸಿದ. ಅವರು ಸೀಸೆ ತಂದರು, ಮೊಳೆ ಇಳಿಸಿದರು, ಏನೂ ಆಗಲಿಲ್ಲ. ಸೀಸೆ ಕೈಯಲ್ಲೇ ಇರಬೇಕು ಎಂಬ ಒಂದು ಸಂಗತಿ ಕ್ಲೈಸ್ಟನ ಬರಹದಲ್ಲಿ ಸ್ಪಷ್ಟವಾಗಿ ಮೂಡಿರಲಿಲ್ಲ. ಅಂಗೈ ಬರೀ ಸೀಸೆ ಹಿಡಿಯುವ ಸಾಧನ ಎಂದೇ ಅವನು ತಿಳಿದಿದ್ದ. ಆ ಒಂದು ಅಂಗೈಯ ದೆಸೆಯಿಂದ ಸೀಸೆಗೆ ಕಾಮಿನ್ನಿನ ಹೆಸರು ತಪ್ಪಿ ಲೈಡನ್ನಿನ ಹೆಸರು ಬಂತು.

ಶಕ್ತಿ ಕೂತಿರುವುದು ಎಲ್ಲಿ? ನೀರಿನಲ್ಲೋ, ತಂತಿಯಲ್ಲೋ? ಈ ಪ್ರಶ್ನೆಯನ್ನು ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ ಹಿಡಿದ. ವಿದ್ಯುತ್ ತುಂಬಿದ ಸೀಸೆಯ ನೀರನ್ನು ಮೆಲ್ಲಗೆ ಬೇರೆ ಬಾಟಲಿಗೆ ಬಗ್ಗಿಸಿ ಮುಟ್ಟಿದ. ಅದು ಬರೀ ನೀರು. ಖಾಲಿಯಾದ ಸೀಸೆಗೆ ಚಹಾದ ಹೂಜಿಯಿಂದ ಹೊಸ ನೀರು ಸುರಿದು ಮುಟ್ಟಿದ. ಮೈ ಝುಮ್ಮೆಂದಿತು. ಶಕ್ತಿ ಗಾಜಿನಲ್ಲೇ ಇತ್ತು! ಹಾಗಾದರೆ ಸೀಸೆಯ ಆಕಾರವಾದರೂ ಯಾಕೆ ಬೇಕು ಎಂದುಕೊಂಡ ಅವನು ಕಿಟಕಿಯ ಚಪ್ಪಟೆ ಗಾಜನ್ನು ಅಂಗೈ ಮೇಲಿಟ್ಟು, ಮೇಲೆ ಸೀಸದ ತಗಡು ಹೊದಿಸಿದ. ಅದೂ ಕೆಲಸ ಮಾಡಿತು. 1749ರ ಹೊತ್ತಿಗೆ ಹನ್ನೊಂದು ಕಿಟಕಿ ಗಾಜುಗಳ ಎರಡೂ ಮುಖಕ್ಕೆ ಸೀಸದ ತೆಳು ತಗಡು ಅಂಟಿಸಿ, ಒಂದರ ಪಕ್ಕ ಒಂದನ್ನು ನಿಲ್ಲಿಸಿ, ಅವನ್ನೆಲ್ಲ ಜೋಡಿಸಿದ್ದ. ಗಾಜಿನ ಆಚೆ ಒಂದು ತಗಡು, ಈಚೆ ಒಂದು ತಗಡು. ಆಂಟೆನಾದ ಪಾದ ಮತ್ತು ಡಬ್ಬಿಯ ಬುಡ ಇದ್ದದ್ದೂ ಹಾಗೆಯೇ.

ಪಾರ್ಫಿಟ್‌ಗೂ ಫ್ರಾಂಕ್ಲಿನ್‌ಗೂ ನಡುವೆ ಆ ತಗಡುಗಳನ್ನು ಜನ ಪೂರ್ತಿ ಮರೆತಿರಲಿಲ್ಲ. 1920ರ ದಶಕದಲ್ಲೇ, ಮನೆಯ ಹೊರಗಿನ ಏರಿಯಲ್ ತಂತಿಯನ್ನು ಒಳಗೆ ತರಲು ಕಿಟಕಿಯ ಚೌಕಟ್ಟು ಕೊರೆಯುವ ಬದಲು ಗಾಜಿನ ಎರಡೂ ಬದಿಗೆ ತಗಡು ಅಂಟಿಸುವ ಉಪಾಯ ಪೇಟೆಂಟ್ ಕಚೇರಿಯ ಕಡತ ಸೇರಿತ್ತು. ಆದರೆ ಅದೂ ಕೇಳುವ ಕಿವಿಗಾಗಿ ಮಾಡಿದ್ದು. ಕಾರಿನಿಂದ ಹೇಳುವ ಬಾಯಿಗೆ ತಗಡುಗಳಷ್ಟೇ ಸಾಲಲಿಲ್ಲ, ಇನ್ನೊಂದು ತುಂಡು ಜಾಣತನ ಬೇಕಿತ್ತು. ಅದು ಆ ಒಳಗಿನ ಡಬ್ಬಿಯಲ್ಲಿ ಕೂತಿತ್ತು.

ಹ್ಯಾಮ್‌ಗಳು ಈ ಆಂಟೆನಾವನ್ನು ಮೊದಮೊದಲು ಅನುಮಾನದಿಂದಲೇ ನೋಡಿದರು. ಗಾಜಿನಲ್ಲಿ ಸ್ವಲ್ಪವಾದರೂ ಶಕ್ತಿ ಸೋರದೇ ಇರದು ಎಂಬುದು ಅವರ ತಕರಾರು, ಅದು ನಿಜವೂ ಆಗಿತ್ತು. ಆದರೆ ಡ್ರಿಲ್ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು, ಹೊಸ ಕಾರು ಅಂಗಳದಲ್ಲಿ ಮಿಂಚುತ್ತಿತ್ತು. ಒಬ್ಬೊಬ್ಬರಾಗಿ ಕೊಂಡು ತಂದರು.

ಕೂರಿಸುವುದೇ ಒಂದು ವ್ರತವಾಗಿತ್ತು. ಹಿಂಗಾಜಿನ ಮೇಲ್ತುದಿಯಲ್ಲಿ ಜಾಗ ಗುರುತು ಮಾಡಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಬದಿ ಒರೆಸಬೇಕು. ಒರೆಸಿದ ಮೇಲೆ ಬೆರಳು ತಾಗಿಸುವಂತಿಲ್ಲ, ಬೆರಳಿನ ಜಿಡ್ಡೇ ಸಾಕು ಅಂಟು ಬಿಡಲು. ಚಳಿಗಾಲವಾದರೆ ಹೇರ್ ಡ್ರೈಯರ್ ಹಿಡಿದು ಗಾಜನ್ನು ಬೆಚ್ಚಗೆ ಮಾಡಬೇಕು. ಹೊರಗಿನ ಪಾದ ಒತ್ತಿ ಹಿಡಿದು, ಒಳಗಿನ ಡಬ್ಬಿಯನ್ನು ಅದಕ್ಕೆ ನೆರಳಿನಂತೆ ಹೊಂದಿಸಬೇಕು. ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಸಿಕ್ಕಿಸಿ, ಮೈಕ್ ಒತ್ತಿ, ತಿರುಗಿ ಬರುವ ಶಕ್ತಿ ಎಷ್ಟೆಂದು ಮುಳ್ಳು ನೋಡಬೇಕು. ಡಬ್ಬಿಯ ಬದಿಯಲ್ಲೊಂದು ಸಣ್ಣ ತಿರುಪು ಇರುತ್ತಿತ್ತು. ಕೂದಲೆಳೆಯಷ್ಟು ತಿರುಗಿಸಿದರೆ ಮುಳ್ಳು ಕೆಳಗೆ ಬೀಳುತ್ತಿತ್ತು, ಕೈ ಹಿಂದಕ್ಕೆ ತೆಗೆದರೆ ಮತ್ತೆ ಏರುತ್ತಿತ್ತು, ಯಾಕೆಂದರೆ ಕೈಯೂ ಲೆಕ್ಕದೊಳಗೆ ಸೇರುತ್ತಿತ್ತು. ಕ್ಯುನೇಯಸ್‌ನ ಅಂಗೈ ಇನ್ನೂರು ಚಿಲ್ಲರೆ ವರ್ಷದ ನಂತರವೂ ತನ್ನ ಆಟ ಬಿಟ್ಟಿರಲಿಲ್ಲ. ಲೋಹದ ಸ್ಕ್ರೂಡ್ರೈವರ್ ಎಸೆದು ಪ್ಲಾಸ್ಟಿಕ್ಕಿನದು ಹಿಡಿದು, ತಿರುಗಿಸಿ, ದೂರ ಸರಿದು, ಮತ್ತೆ ಬಂದು ತಿರುಗಿಸಿ, ಅಂತೂ ಮುಳ್ಳು ಬುಡಕ್ಕೆ ಇಳಿದಾಗ ಆದ ಸಂತೋಷ ಡ್ರಿಲ್ ಹಿಡಿದವರಿಗೆ ಸಿಕ್ಕಿರಲಾರದು.

ಆಮೇಲೆ ಭಾಗ್ಯ ತೆರೆಯಿತು. 1983ರ ಅಕ್ಟೋಬರ್ 13ರಂದು ಅದೇ ಷಿಕಾಗೋದಲ್ಲಿ ಅಮೆರಿಕದ ಮೊದಲ ವಾಣಿಜ್ಯ ಸೆಲ್ಯುಲಾರ್ ಸೇವೆ ಶುರುವಾಯಿತು. ಆಗಿನ ಸೆಲ್ ಫೋನ್ ಎಂದರೆ ಮುಖ್ಯವಾಗಿ ಕಾರ್ ಫೋನ್. ಹಿಂಗಾಜಿನ ಮೇಲೆ ನಡುವಿನಲ್ಲಿ ಸುರುಳಿ ಸುತ್ತಿದ ಮೋಟು ಕಡ್ಡಿ ನಿಂತಿದ್ದರೆ ಯಜಮಾನ ಸಿರಿವಂತ ಎಂದು ದಾರಿಯವರಿಗೆಲ್ಲ ಗೊತ್ತಾಗುತ್ತಿತ್ತು. ಫೋನ್ ಇಲ್ಲದವರೂ ಬರೀ ಕಡ್ಡಿ ಕೊಂಡು ಅಂಟಿಸಿಕೊಂಡರು, ಅಂಥ ಹುಸಿ ಆಂಟೆನಾಗಳೇ ಅಂಗಡಿಗೆ ಬಂದವು. ಗಾಜಿನ ಮೂಲಕ ಶಕ್ತಿ ದಾಟಿಸುವ ಹೊಸ ಹೊಸ ವಿಧಾನಗಳಿಗೆ ಪೇಟೆಂಟುಗಳು ಸಾಲುಗಟ್ಟಿದವು.

ಆಗಲೇ ಕೆಲವು ಹೊಸ ಕಾರುಗಳಲ್ಲಿ ಆಂಟೆನಾ ಸತ್ತಂತೆ ಬಿದ್ದಿತು.

ವ್ರತವೆಲ್ಲ ಸರಿಯಾಗಿತ್ತು. ಗಾಜು ಒರೆಸಿಯಾಗಿತ್ತು, ಅಂಟು ಕಚ್ಚಿತ್ತು, ಕೇಬಲ್ ಹೊಸದು. ತಿರುಪು ಎಷ್ಟು ತಿರುಗಿಸಿದರೂ ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಬೀದಿಯ ರಿಪೀಟರ್ ಕೂಡ ಕರೆಗೆ ಓಗೊಡಲಿಲ್ಲ. ಕೆಲವರು ಆಂಟೆನಾ ಬದಲಿಸಿದರು, ಕೆಲವರು ಸೆಟ್ಟನ್ನೇ ರಿಪೇರಿಗೆ ಕಳಿಸಿದರು. ಬೆಸುಗೆ ಬಿಚ್ಚಿ ಮತ್ತೆ ಹಾಕಿದವರಿದ್ದರು. ಎಲ್ಲ ಕಡೆ ಹುಡುಕಿ ಸೋತವರು ಕೊನೆಗೆ ಆಂಟೆನಾವನ್ನು ಕಿತ್ತು, ಕಾಗದದ ಟೇಪಿನಿಂದ ಮನೆಯ ಹಳೆಯ ಕಾರಿನ ಗಾಜಿಗೆ ಕಟ್ಟಿ ನೋಡಿದರು. ಮುಳ್ಳು ತಟ್ಟನೆ ಇಳಿಯಿತು. ಅದೇ ಕಡ್ಡಿ, ಅದೇ ಡಬ್ಬಿ, ಅದೇ ಸೆಟ್. ಬದಲಾಗಿದ್ದು ಗಾಜು ಮಾತ್ರ.

ಗಾಜನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದವರಿಗೆ ಸುಳಿವು ಸಿಕ್ಕಿತು. ಅದರ ಹೊಳಪಿನಲ್ಲಿ ನಸು ನೇರಳೆಯೋ ಬಂಗಾರವೋ ಆದ ಛಾಯೆಯಿತ್ತು. 1980ರ ದಶಕದ ನಡುವಿನಲ್ಲಿ ಫೋರ್ಡ್ ತನ್ನ ಕಾರುಗಳಿಗೆ ಹಿಮ ಕರಗಿಸುವ ಹೊಸ ಮುಂಗಾಜು ತಂದಿತ್ತು. ಎರಡು ಪದರ ಗಾಜಿನ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಬೆಳ್ಳಿ ಲೇಪಿಸಿ, ಅದರಲ್ಲಿ ವಿದ್ಯುತ್ ಹರಿಸಿ ಬಿಸಿ ಮಾಡುವ ಉಪಾಯ ಅದು. ಬಿಸಿಲಿನ ಝಳ ತಡೆಯಲೂ ಇಂಥದೇ ಲೋಹದ ಲೇಪಗಳು ಬಂದವು. ಲೋಹ ಚಾವಣಿಯಿಂದ ಇಳಿದು, ಉಳಿದಿದ್ದ ಒಂದೇ ಕಿಟಕಿಯನ್ನೂ ಸದ್ದಿಲ್ಲದೆ ಹೊಕ್ಕಿತ್ತು. ಹಿಂಗಾಜಿನ ಮಂಜು ಕರಗಿಸುವ ಅಡ್ಡಗೆರೆಗಳ ಮೇಲೆ ಆಂಟೆನಾ ಅಂಟಿಸಿದವರು ಸೋತದ್ದೂ ಇದೇ ಕಾರಣಕ್ಕೆ ಎಂಬುದು ಆಗ ಹೊಳೆಯಿತು. ನಮ್ಮ ಕಡೆ ಕಾರಿನ ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಹೊದಿಸುವ ಚಾಳಿ ಬಹುಕಾಲ ನಡೆಯಿತು. ಅಂಥ ಫಿಲ್ಮ್‌ಗಳಲ್ಲಿ ಲೋಹ ಸವರಿದವೂ ಇದ್ದವು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿದ್ದು ಅಪರಾಧ ತಡೆಯಲು. ಲೋಹದ ಫಿಲ್ಮ್ ಕಿತ್ತುಹಾಕಿದ ಕಾರುಗಳಲ್ಲಿ ರೇಡಿಯೊ ಅಲೆಗೂ ದಾರಿ ತೆರೆಯಿತು.

ಡಬ್ಬಿಯೊಳಗಿನ ಗುಟ್ಟು ಇಷ್ಟೇ ಆಗಿತ್ತು. ಚಾವಣಿಯ ಮೇಲಿನ ಅರ್ಧ ಮೀಟರಿನಂಥ ಕಾಲುತರಂಗದ ಕಡ್ಡಿಯ ಬುಡದಲ್ಲಿ ಕರೆಂಟು ಜೋರು, ಅದಕ್ಕೆ ಕನ್ನಡಿಯಾಗಿ ಲೋಹದ ಚಾವಣಿ ಬೇಕೇ ಬೇಕು. ಅರ್ಧತರಂಗದ ಕಡ್ಡಿ, ಎರಡು ಮೀಟರ್ ಬ್ಯಾಂಡಿನಲ್ಲಾದರೆ ಸುಮಾರು ಒಂದು ಮೀಟರಿನದು, ಬುಡದಲ್ಲಿ ಕರೆಂಟನ್ನು ಬಹಳ ಕಡಿಮೆ ಕೇಳುತ್ತದೆ, ವೋಲ್ಟೇಜನ್ನು ಬಹಳ ಹೆಚ್ಚು ಕೇಳುತ್ತದೆ. ಅದರ ಬುಡದ ಪ್ರತಿರೋಧ ಸಾವಿರಾರು ಓಮ್, ಹಾಗಾಗಿ ಅದಕ್ಕೆ ಚಾವಣಿಯ ಹಂಗೇ ಇಲ್ಲ. ಸೆಟ್ಟಿನ 50 ಓಮನ್ನು ಅಷ್ಟು ಎತ್ತರಕ್ಕೆ ಏರಿಸುವ ಪುಟ್ಟ ಸುರುಳಿ ಮತ್ತು ಕೆಪಾಸಿಟರ್ ಡಬ್ಬಿಯೊಳಗಿದ್ದವು. ಇನ್ನು ಗಾಜು. ಐದು ಸೆಂಟಿಮೀಟರ್ ಚೌಕದ ಎರಡು ತಗಡುಗಳ ನಡುವೆ ನಾಲ್ಕು ಮಿಲಿಮೀಟರ್ ಗಾಜಿದ್ದರೆ ಸುಮಾರು 40 ಪಿಕೊಫ್ಯಾರಡ್‌ನ ಲೈಡನ್ ಸೀಸೆ ಆಯಿತು. ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟಿಗೆ ಅದು ಭದ್ರ ಗೋಡೆ. ಸೆಕೆಂಡಿಗೆ 14 ಕೋಟಿಗೂ ಹೆಚ್ಚು ಸಲ ಹೋಗಿಬರುವ ಕರೆಂಟಿಗೆ ಅದರ ಅಡ್ಡಿ 30 ಓಮ್ ಆಸುಪಾಸು, ಸಾವಿರಾರು ಓಮ್ ಎದುರು ಹೊಸ್ತಿಲಿನಷ್ಟು. ಒಂದು ಎಲೆಕ್ಟ್ರಾನೂ ಗಾಜು ದಾಟಲಿಲ್ಲ. ಈಚೆಯ ತಗಡಿನಲ್ಲಿ ತುಂಬಿ ಖಾಲಿಯಾಗುವ ವಿದ್ಯುತ್ತು ಆಚೆಯ ತಗಡಿನಲ್ಲೂ ಅದೇ ತಾಳಕ್ಕೆ ಎಳೆದಾಟ ಹಚ್ಚಿತು, ಕಡ್ಡಿ ಅದನ್ನು ಆಕಾಶಕ್ಕೆ ಹಬ್ಬಿಸಿತು. ಎರಡು ತಗಡುಗಳ ನಡುವೆ ಬೆಳ್ಳಿಯ ಲೇಪ ಮೂರನೆಯ ತಗಡಾಗಿ ನುಸುಳಿದ ಕಡೆ, ಆ ಎಳೆದಾಟ ಆಚೆಗೆ ಹೋಗುವ ಬದಲು ಇಡೀ ಗಾಜಿನ ಅಗಲಕ್ಕೂ ಹಂಚಿಹೋಯಿತು. ಗಾಜೂ ಲೆಕ್ಕಕ್ಕೆ ಬರುತ್ತದೆ ಎಂದು ಮುಸ್ಶೆನ್‌ಬ್ರೂಕ್ ಬರೆದಿದ್ದ ಪತ್ರ ಆಗ 240 ವರ್ಷ ಹಳೆಯದಾಗಿತ್ತು.

ಲೇಪ ಹಾಕಿದ ಕಾರು ಕಂಪನಿಗಳೇ ಕೊನೆಗೆ ಅದನ್ನು ಒಪ್ಪಿಕೊಳ್ಳಬೇಕಾಯಿತು. ಹೆದ್ದಾರಿಯ ಟೋಲ್ ಗೇಟುಗಳಿಗೆ ರೇಡಿಯೊ ಚೀಟಿ ಬಂದಾಗ, ಲೋಹದ ಲೇಪವಿದ್ದ ಮುಂಗಾಜು ಅವುಗಳ ದನಿಯನ್ನೂ ಅಡಗಿಸಿತು. ನಮ್ಮ ಫಾಸ್ಟ್ಯಾಗ್ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಮಾತಾಡುವಂಥದ್ದು, ಅದಕ್ಕೂ ಈ ಸಂಕಟ ತಪ್ಪಲಿಲ್ಲ. ಅಂಥ ಗಾಜುಗಳಲ್ಲಿ, ಹಿಂಬದಿ ನೋಡುವ ಕನ್ನಡಿಯ ಬೆನ್ನಿಗೆ, ಕಪ್ಪು ಚುಕ್ಕೆಗಳ ನಡುವೆ, ಒಂದು ತುಂಡು ಜಾಗಕ್ಕೆ ಲೇಪ ತಾಗಿಸದೆ ಬಿಟ್ಟರು. ಅದು ಸರಿಸುಮಾರು ಒಂದು ಅಂಗೈ ಅಗಲವಿತ್ತು.